ಬೆನ್ನಿನ ಚೀಲವೂ ಅಮೆಜಾನಿನ ಅಡವಿಯೂ

ಹಿಂದಿನ ಕಾಲದಲ್ಲಿ ಕಾಶೀಯಾತ್ರೆಗೆ ಹೊರಡುವವರು ಬುತ್ತಿಯ ಗಂಟು, ಒಂದು ಚೊಂಬು, ಒಂದು ಕಂಬಳಿ ಇಷ್ಟನ್ನೇ ಹೆಗಲಿಗೇರಿಸಿಕೊಂಡು, ‘ಬಂದರೆ ಬಂದೆವು’ ಎಂದು ಮನೆಯವರಿಗೆ ಹೇಳಿ ಹೊರಡುತ್ತಿದ್ದರಂತೆ. ಅಂಥದೇ ಗಂಟನ್ನು ಹೊತ್ತು ಲೋಕಸಂಚಾರ ಮಾಡುವ ಇನ್ನೊಂದು ವರ್ಗ ಈಚಿನ ಐವತ್ತು ಅರುವತ್ತು ವರ್ಷಗಳಲ್ಲಿ ಬೆಳೆದುಬಂದಿದೆ. ಇವರಿಗೆ ‘ಬ್ಯಾಕ್‌ಪ್ಯಾಕರ್’ ಎಂದು ಹೆಸರು. ಎಂದರೆ ಬೆನ್ನಿಗೆ ಚೀಲ ಬಿಗಿದವರು. ಅಗ್ಗದ ಛತ್ರಗಳಲ್ಲಿ ತಂಗುವುದು, ಬಸ್ಸು ದೋಣಿಗಳಲ್ಲಿ ಊರ ಜನರ ನಡುವೆ ಕುಳಿತು ಪ್ರಯಾಣ ಮಾಡುವುದು, ಮುಂದಿನ ಊರು ಯಾವುದೆಂಬುದನ್ನು ಹಿಂದಿನ ಊರಿನಲ್ಲಿ ಸಿಕ್ಕ ಗೆಳೆಯನ ಮಾತಿನ ಮೇಲೆ ನಿಶ್ಚಯಿಸುವುದು, ಇದು ಇವರ ಕ್ರಮ. ಬಹುಮಟ್ಟಿಗೆ ತರುಣರು. ಪುಣ್ಯಕ್ಕಿಂತ ಅನುಭವವೇ ಇವರಿಗೆ ದೊಡ್ಡದು.

ಇಂಥವರನ್ನು ಕೈಬೀಸಿ ಕರೆಯುವ ಸ್ಥಳಗಳಲ್ಲಿ ದಕ್ಷಿಣ ಅಮೇರಿಕದ ಅಮೆಜಾನ್ ಮಳೆಕಾಡು ಮುಖ್ಯವಾದುದು. ಅಲ್ಲಿಗೆ ಹೋದವರಲ್ಲಿ ಬಹುಮಂದಿ ಸುಖವಾಗಿ ಹಿಂದಿರುಗಿ, ಕಂಡದ್ದನ್ನು ಮನೆಮಂದಿಗೆ ಬಣ್ಣಿಸುತ್ತಾರೆ. ಕೆಲವರು ದಾರಿ ತಪ್ಪಿ, ಮೈಯಲ್ಲಿ ಮೂಳೆಯಷ್ಟೇ ಉಳಿದು ಬಂದದ್ದುಂಟು. ಇನ್ನು ಕೆಲವರು ಬರಲೇ ಇಲ್ಲ. ಅಡವಿ ಒಂದೇ; ಒಬ್ಬನಿಗೆ ಅಲ್ಲಿ ಬದುಕು, ಇನ್ನೊಬ್ಬನಿಗೆ ಸಾವು. ಹೀಗೇಕೆ? ಧೈರ್ಯದ ಹೆಚ್ಚು ಕಡಿಮೆಯಿಂದಲೋ, ದೈವದ ಹೆಚ್ಚು ಕಡಿಮೆಯಿಂದಲೋ, ಅಥವಾ ಇನ್ನಾವುದರಿಂದಲೋ ಎಂಬುದನ್ನು ನಡೆದ ಸಂಗತಿಗಳ ಮೂಲಕ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಸ್ತ್ರೀರಾಜ್ಯದ ಹೆಸರಿನ ನದಿ

ಮೊದಲು ಸ್ಥಳದ ಪರಿಚಯವಾಗಲಿ. ಆಂಡೀಸ್ ಪರ್ವತಗಳಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಅಟ್ಲಾಂಟಿಕ್ ಸಾಗರವನ್ನು ಸೇರುವ ಅಮೆಜಾನ್ ನದಿಯ ಉದ್ದ ಸುಮಾರು 6,400 ಕಿಲೋಮೀಟರು. ಉದ್ದದಲ್ಲಿ ನೈಲ್ ನದಿ ಇದಕ್ಕೆ ಸಾಟಿಯಾದರೂ ನೀರಿನ ಮೊತ್ತದಲ್ಲಿ ಇದಕ್ಕೆ ಎಣೆಯಿಲ್ಲ. ಒಂದು ಸೆಕೆಂಡಿಗೆ ಸರಾಸರಿ ಇಪ್ಪತ್ತು ಕೋಟಿ ಲೀಟರಿನಷ್ಟು ನೀರು ಇದರ ಮುಖದಿಂದ ಕಡಲಿಗೆ ಬೀಳುತ್ತದೆ. ಭೂಮಿಯ ಮೇಲಿನ ಎಲ್ಲ ನದಿಗಳೂ ಸಮುದ್ರಕ್ಕೆ ಸಲ್ಲಿಸುವ ಕಪ್ಪದಲ್ಲಿ ಸುಮಾರು ಐದನೆಯ ಒಂದು ಪಾಲು ಇದೊಂದರದೇ. ಈ ನದಿ ಮತ್ತು ಇದರ ಸಾವಿರಾರು ಉಪನದಿಗಳ ಸುತ್ತ ಹಬ್ಬಿರುವ ಮಳೆಕಾಡಿನ ವಿಸ್ತಾರ ಸುಮಾರು 55 ಲಕ್ಷ ಚದರ ಕಿಲೋಮೀಟರು. ನಮ್ಮ ಭಾರತ ದೇಶವೇ ಸುಮಾರು 33 ಲಕ್ಷ ಚದರ ಕಿಲೋಮೀಟರು ಎಂಬುದನ್ನು ನೆನೆದರೆ ಇದರ ಹರಹು ಮನಸ್ಸಿಗೆ ಬಂದೀತು. ಕಾಡಿನ ಅರ್ಧಕ್ಕಿಂತ ಹೆಚ್ಚು ಪಾಲು ಬ್ರೆಜಿಲ್ ದೇಶದಲ್ಲಿದೆ. ಉಳಿದುದನ್ನು ಪೆರು, ಕೊಲಂಬಿಯ, ಬೊಲಿವಿಯ, ಈಕ್ವಡಾರ್, ವೆನೆಜುವೇಲ, ಗಯಾನ, ಸುರಿನಾಮ್ ಮತ್ತು ಫ್ರೆಂಚ್ ಗಯಾನಗಳು ಹಂಚಿಕೊಂಡಿವೆ.

ನದಿಗೆ ಈ ಹೆಸರು ಬಂದ ಕಥೆಯೂ ಸ್ವಾರಸ್ಯವಾದುದು. 1541-42ರಲ್ಲಿ ಫ್ರಾನ್ಸಿಸ್ಕೋ ದೆ ಒರೆಲ್ಲಾನ ಎಂಬ ಸ್ಪೇನಿನ ಸಾಹಸಿ ಪರ್ವತದ ಕಡೆಯಿಂದ ಹೊಳೆಯ ಜಾಡು ಹಿಡಿದು ಕಡಲಿನವರೆಗೆ ದೋಣಿಯಲ್ಲಿ ಬಂದನು. ಆಹಾರ ಹುಡುಕಲೆಂದು ಹೊರಟ ತಂಡವು ಪ್ರವಾಹಕ್ಕೆ ಎದುರಾಗಿ ಹಿಂದಿರುಗಲಾರದೆ ಸಾವಿರಾರು ಮೈಲಿ ತೇಲಿಹೋದ ಸಂಗತಿ ಅದು. ದಾರಿಯಲ್ಲಿ ಬಿಲ್ಲು ಹಿಡಿದ ಹೆಂಗಸರು ತಮ್ಮೊಡನೆ ಕಾದಿದರೆಂದು ಆ ತಂಡದೊಡನಿದ್ದ ಪಾದ್ರಿ ಬರೆದಿಟ್ಟನು. ಗ್ರೀಕರ ಪುರಾಣದಲ್ಲಿ ಬರುವ ‘ಅಮೆಜಾನ್’ ಎಂಬ ವೀರವನಿತೆಯರ ಹೆಸರು ಹೀಗೆ ಹೊಳೆಗೆ ಅಂಟಿಕೊಂಡಿತು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಪ್ರಮೀಳೆಯ ಸ್ತ್ರೀರಾಜ್ಯವನ್ನು ಓದಿ ಬಲ್ಲ ಕನ್ನಡಿಗರಿಗೆ ಈ ಕಲ್ಪನೆ ಹೊಸದೇನೂ ಅಲ್ಲ. ಆದರೆ ಪಾದ್ರಿಯ ಬರಹದಲ್ಲಿ ಇನ್ನೊಂದು ಮಾತೂ ಇದೆ: ಹೊಳೆಯ ಎರಡು ದಡಗಳಲ್ಲಿಯೂ ತಾವು ಕಂಡ ಊರುಗಳು, ಜನಸಂದಣಿ. ಈ ಮಾತನ್ನು ಬಹುಕಾಲ ಯಾರೂ ನಂಬಲಿಲ್ಲ. ಅದಕ್ಕೆ ಮುಂದೆ ಬರೋಣ.

ತುಂಬಿದ ಕಾಡು, ಬರಿದಾದ ಹೊಟ್ಟೆ

ಕಾಡೆಂದರೆ ಹಣ್ಣುಹಂಪಲು, ಗೆಡ್ಡೆಗೆಣಸು. ಹಸಿದವನಿಗೆ ಅಲ್ಲೇನು ಕೊರತೆ ಎಂಬುದು ನಾವು ಕಾವ್ಯಗಳಿಂದ ಕಲಿತ ಭಾವನೆ. ಅಮೆಜಾನಿನಲ್ಲಿ ಈ ಭಾವನೆ ಕೈಕೊಡುತ್ತದೆ. ಕಾರಣ ಹೀಗಿದೆ. ಅಲ್ಲಿನ ಮರಗಳು ಮೂವತ್ತು ನಲವತ್ತು ಮೀಟರು ಎತ್ತರಕ್ಕೆ ಬೆಳೆದು ಮೇಲೆ ಒಂದಕ್ಕೊಂದು ಕೊಡೆ ಹಿಡಿದಂತೆ ಕೂಡಿಕೊಳ್ಳುತ್ತವೆ. ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲವನ್ನು ಮುಟ್ಟುತ್ತದೆ. ಬಿಸಿಲಿದ್ದಲ್ಲಿ ಹೂವು, ಹೂವಿದ್ದಲ್ಲಿ ಹಣ್ಣು, ಹಣ್ಣಿದ್ದಲ್ಲಿ ಹಕ್ಕಿ ಕೋತಿಗಳು. ಆದುದರಿಂದ ಅಡವಿಯ ಸಂತೆಯೆಲ್ಲ ತಲೆಯ ಮೇಲೆ ನಡೆಯುತ್ತಿರುತ್ತದೆ. ಕೆಳಗೆ ನಡೆಯುವ ಮನುಷ್ಯನಿಗೆ ಕಾಣುವುದು ಅರೆಗತ್ತಲು, ಕೊಳೆತ ಎಲೆ, ಬೇರುಗಳ ಗೋಡೆ.

ಇನ್ನೊಂದು ತೊಡಕು ಮರಗಳ ಹಂಚಿಕೆಯದು. ಅಮೆಜಾನಿನಲ್ಲಿ ಸುಮಾರು 16,000 ಜಾತಿಯ ಮರಗಳಿರಬೇಕೆಂದು 2013ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಎರಡೂವರೆ ಎಕರೆ ಜಾಗದೊಳಗೆ ಇನ್ನೂರಕ್ಕೂ ಮಿಕ್ಕಿದ ಜಾತಿಗಳಿರುವ ಕಡೆಗಳುಂಟು. ನಮ್ಮ ಮಾವಿನ ತೋಪಿನಂತೆ ಒಂದೇ ಜಾತಿಯ ಮರಗಳು ಒತ್ತಾಗಿ ನಿಂತಿರುವುದಿಲ್ಲ. ತಿನ್ನಬಹುದಾದ ಹಣ್ಣಿನ ಮರ ಒಂದು ಸಿಕ್ಕಿದರೆ, ಅದರ ಬಳಗದ ಮತ್ತೊಂದು ಎಲ್ಲಿದೆಯೋ ಬಲ್ಲವನೇ ಬಲ್ಲ.

ಇದರ ಮೇಲೆ ನೀರಿನ ಕಾಟ. ಸೌದೆ ಹತ್ತುವುದಿಲ್ಲ, ಬಟ್ಟೆ ಒಣಗುವುದಿಲ್ಲ. ಹಗಲೂ ರಾತ್ರಿ ಒದ್ದೆ ಬೂಟಿನೊಳಗಿರುವ ಕಾಲಿನ ಚರ್ಮಕ್ಕೆ ರಕ್ತಸಂಚಾರ ಕುಂದಿ, ಮೊದಲು ಬಿಳಿಚಿಕೊಂಡು, ಆಮೇಲೆ ಸುಲಿದು, ಕೊನೆಗೆ ಹುಣ್ಣಾಗುತ್ತದೆ. ಅಡವಿಯಲ್ಲಿ ಕಾಲು ಕೆಟ್ಟವನ ಗತಿ ನಡುದಾರಿಯಲ್ಲಿ ಗಾಲಿ ಮುರಿದ ಗಾಡಿಯದು. ಹೊಳೆಯನ್ನು ನಂಬೋಣವೆಂದರೆ, ಮೇಲೆಲ್ಲೋ ಬೆಟ್ಟದಲ್ಲಿ ಮಳೆ ಸುರಿದು ಒಂದೇ ರಾತ್ರಿಯಲ್ಲಿ ದಡವೇ ಮುಳುಗಿಹೋಗುವುದುಂಟು. ಸೂರ್ಯನೂ ಕಾಣದ, ದಿಗಂತವೂ ಕಾಣದ ಜಾಗದಲ್ಲಿ ದಿಕ್ಕು ಹಿಡಿಯುವುದು ಹೇಗೆ? ಸಿನಿಮಾದವರು ತೋರಿಸುವ ಹೆಬ್ಬಾವು, ಪಿರಾನ ಮೀನುಗಳಿಗಿಂತ ಈ ಸಾಮಾನ್ಯ ಸಂಗತಿಗಳೇ ಅಲ್ಲಿ ಹೆಚ್ಚು ಅಪಾಯಕಾರಿ.

ತುಯಿಚಿ ಹೊಳೆಯ ನಾಲ್ವರು

ಈಗ 1981ನೆಯ ವರ್ಷಕ್ಕೆ ಹೋಗೋಣ. ಇಸ್ರೇಲಿನ ಯೋಸಿ ಗಿನ್ಸ್‌ಬರ್ಗ್ ಎಂಬ ಇಪ್ಪತ್ತೆರಡು ವರ್ಷದ ತರುಣ ನೌಕಾದಳದ ಸೇವೆಯನ್ನು ಮುಗಿಸಿ, ಬೆನ್ನಿಗೆ ಚೀಲ ಕಟ್ಟಿ ದಕ್ಷಿಣ ಅಮೇರಿಕವನ್ನು ಸುತ್ತುತ್ತಿದ್ದನು. ದಾರಿಯಲ್ಲಿ ಅವನಿಗೆ ಇಬ್ಬರು ಸ್ನೇಹಿತರಾದರು: ಸ್ವಿಟ್ಜರ್ಲೆಂಡಿನ ಉಪಾಧ್ಯಾಯ ಮಾರ್ಕಸ್ ಸ್ಟಾಮ್, ಅಮೇರಿಕದ ಛಾಯಾಚಿತ್ರಗಾರ ಕೆವಿನ್ ಗೇಲ್. ಬೊಲಿವಿಯದ ಲಾ ಪಾಸ್ ನಗರದಲ್ಲಿ ಕಾರ್ಲ್ ರುಪ್ರೆಕ್ಟರ್ ಎಂಬ ಆಸ್ಟ್ರಿಯದವನೊಬ್ಬ ಗಂಟುಬಿದ್ದನು. ತಾನು ಭೂಗರ್ಭಶಾಸ್ತ್ರಜ್ಞನೆಂದೂ, ಕಾಡಿನೊಳಗೆ ಚಿನ್ನವಿದೆಯೆಂದೂ, ಹೊರಗಿನವರು ಕಂಡರಿಯದ ಬುಡಕಟ್ಟಿನ ಹಳ್ಳಿಯೊಂದನ್ನು ತಾನು ತೋರಿಸುವೆನೆಂದೂ ಅವನು ಹೇಳಿದನು. ಚಿನ್ನ, ಅಜ್ಞಾತ ಜನಾಂಗ, ನಕ್ಷೆಯಲ್ಲಿಲ್ಲದ ಹಳ್ಳಿ! ತರುಣರ ಕಿವಿಗೆ ಇದಕ್ಕಿಂತ ಇಂಪಾದ ಮಾತು ಯಾವುದು? ನಾಲ್ವರೂ ಹೊರಟರು.

ಅಪೋಲೊ ಎಂಬ ಊರಿನವರೆಗೆ ವಿಮಾನ, ಅಲ್ಲಿಂದ ಕಾಲುನಡಿಗೆಯಲ್ಲಿ ತುಯಿಚಿ ಹೊಳೆಯ ದಡದ ಅಸಾರಿಯಾಮಾಸ್ ಎಂಬ ಸಣ್ಣ ಹಳ್ಳಿ, ಅದರಾಚೆಗೆ ಅಡವಿ. ದಿನಗಳು ಕಳೆದವು, ಹಳ್ಳಿ ಸಿಕ್ಕಲಿಲ್ಲ. ತಂದ ಅಕ್ಕಿ ಅವರೆಕಾಳು ಕರಗುತ್ತ ಬಂದಿತು. ಮಾರ್ಕಸನ ಕಾಲು ಒದ್ದೆಗೆ ಸಿಕ್ಕಿ ಹುಣ್ಣಾಯಿತು. ಹಿಂದಿರುಗಿ ಬಂದು, ಹಳ್ಳಿಯವರ ಸಹಾಯದಿಂದ ಒಂದು ತೆಪ್ಪ ಕಟ್ಟಿದರು. ಅದಕ್ಕೆ ಬಳಸಿದ್ದು ಬಾಲ್ಸಾ ಎಂಬ ಹಗುರವಾದ ಮರ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ತೆಪ್ಪವೆಂದೇ ಅರ್ಥ. 1947ರಲ್ಲಿ ಥಾರ್ ಹೆಯರ್ಡಾಲ್ ಐವರು ಸಂಗಡಿಗರೊಡನೆ ಪೆಸಿಫಿಕ್ ಸಾಗರವನ್ನು ದಾಟಿದ ‘ಕಾನ್-ಟಿಕಿ’ಯೂ ಇದೇ ಮರದ ತೆಪ್ಪ. ಆದರೆ ಸಾಗರದ ಅಲೆ ಬೇರೆ, ಬಂಡೆಗಳ ನಡುವೆ ಧುಮುಕುವ ಬೆಟ್ಟದ ಹೊಳೆ ಬೇರೆ. ಕೆಳಗಡೆ ಸಾನ್ ಪೆಡ್ರೋ ಎಂಬ ಕಮರಿಯಿದೆ. ಅಲ್ಲಿ ತೆಪ್ಪ ಉಳಿಯದು. ಮುಂದಾಳೆಂದು ನಂಬಿದ್ದ ಕಾರ್ಲನಿಗೆ ಈಜೇ ಬಾರದೆಂಬುದು ಆಗ ಬಯಲಾಯಿತು. ತಂಡದಲ್ಲಿ ಮನಸ್ತಾಪ ಬೆಳೆದು ಎರಡು ಹೋಳಾಯಿತು. ಕಾರ್ಲನೂ ಕಾಲುನೋವಿನ ಮಾರ್ಕಸನೂ ಕಾಲುದಾರಿ ಹಿಡಿದು ಮೇಲಕ್ಕೆ ಹೊರಟರು. ಯೋಸಿಯೂ ಕೆವಿನ್ನನೂ ತೆಪ್ಪದಲ್ಲಿ ಕೆಳಕ್ಕೆ ಹೊರಟರು.

ತೆಪ್ಪ ಬಂಡೆಗೆ ಬಡಿಯಿತು. ಕೆವಿನ್ ಈಜಿ ದಡ ಸೇರಿದನು. ಯೋಸಿಯನ್ನು ಪ್ರವಾಹ ಜಲಪಾತದಾಚೆಗೆ ಎಳೆದುಕೊಂಡು ಹೋಯಿತು. ಹೇಗೋ ದಡ ಹತ್ತಿದ ಅವನಿಗೆ ತೇಲಿಬಂದ ಒಂದು ಚೀಲ ಸಿಕ್ಕಿತು. ಅದರಲ್ಲಿ ಸ್ವಲ್ಪ ಧಾನ್ಯ, ಬೆಂಕಿ ಹೊತ್ತಿಸುವ ಲೈಟರು, ಔಷಧ, ಕೀಟನಾಶಕದ ಡಬ್ಬಿ ಇದ್ದುವು. ಇಷ್ಟೇ ಬಂಡವಾಳದಲ್ಲಿ ಅವನು ಸುಮಾರು ಮೂರು ವಾರ ಒಬ್ಬಂಟಿಯಾಗಿ ಕಳೆದನು. ಹಕ್ಕಿಯ ಗೂಡಿನ ಮೊಟ್ಟೆ, ಸಿಕ್ಕಿದ ಹಣ್ಣು ಇವೇ ಆಹಾರ. ಒಂದು ರಾತ್ರಿ ಚಿರತೆಯ ಜಾತಿಯ ಜಾಗ್ವಾರ್ ಹತ್ತಿರ ಬಂದು ನಿಂತಾಗ, ಕೀಟನಾಶಕವನ್ನು ಚಿಮ್ಮಿಸಿ ಅದಕ್ಕೆ ಲೈಟರಿನಿಂದ ಕಿಡಿ ತಾಗಿಸಿ ಉರಿಯ ನಾಲಗೆಯನ್ನೆಬ್ಬಿಸಿ ಅದನ್ನು ಓಡಿಸಿದನು. ಇನ್ನೊಮ್ಮೆ ಕೆಸರಿನ ಹುದುಲಿನಲ್ಲಿ ಹೂತು, ಒದ್ದಾಡಿ ಹೊರಬಂದನು. ಕಾಲಿನ ಚರ್ಮ ಸುಲಿದು, ಹೆಜ್ಜೆಯೊಂದಕ್ಕೆ ಒಂದು ಮರಣವಾಯಿತು. ಕೊನೆಕೊನೆಗೆ ತನ್ನ ಜೊತೆಯಲ್ಲಿ ಒಬ್ಬ ಹೆಂಗಸಿದ್ದಾಳೆ, ಅವಳನ್ನು ಕಾಪಾಡುವ ಹೊಣೆ ತನ್ನದು ಎಂಬ ಭ್ರಮೆಯೂ ಅವನಿಗೆ ಬಂದಿತು. ಆ ಭ್ರಮೆಯೇ ಅವನನ್ನು ಎಬ್ಬಿಸಿ ನಡೆಸಿತೆಂಬುದು ಮನಶ್ಶಾಸ್ತ್ರದ ವಿಚಿತ್ರ. ತನಗಾಗಿ ಏಳಲಾರದವನು ಮತ್ತೊಬ್ಬರಿಗಾಗಿ ಎದ್ದನು.

ಇತ್ತ ಕೆವಿನ್ನನು ಕೆಲವು ದಿನ ಅಲೆದು, ಕಾಡಿನ ಜನರ ಕಣ್ಣಿಗೆ ಬಿದ್ದು ಬದುಕಿದನು. ಬದುಕಿದವನು ಸುಮ್ಮನಿರಲಿಲ್ಲ. ಗೆಳೆಯನನ್ನು ಹುಡುಕಿಸಲು ಕಂಡಕಂಡವರ ಬಾಗಿಲು ತಟ್ಟಿದನು. ಮೇಲೆ ಹಾರಿದ ವಿಮಾನಕ್ಕೆ ಮರಗಳ ಹಸುರು ಚಪ್ಪರವಲ್ಲದೆ ಬೇರೇನೂ ಕಾಣಲಿಲ್ಲ. ಆಗ ನೆರವಾದವನು ಟಿಕೋ ತುದೇಲ. ಹೊಳೆಯ ಒಂದೊಂದು ಸುಳಿಯನ್ನೂ ಬಲ್ಲ ಟಿಕೋ ತನ್ನ ದೋಣಿಯಲ್ಲಿ ಕೆವಿನ್ನನನ್ನು ಕೂರಿಸಿಕೊಂಡು ತುಯಿಚಿಯ ಮೇಲ್ಮುಖವಾಗಿ ಹೊರಟನು. ದೋಣಿ ಹೋಗಬಹುದಾದ ಕೊನೆಯವರೆಗೆ ಹೋಗಿ, ಇನ್ನು ಹಿಂದಿರುಗಬೇಕು ಎನ್ನುವ ಹೊತ್ತಿಗೆ ದಡದ ಮೇಲೆ ಒಂದು ಆಕೃತಿ ಕಾಣಿಸಿತು. ಮೋಟಾರಿನ ಸದ್ದನ್ನು ಮೊದಲು ಕೀಟದ ಝೇಂಕಾರವೆಂದೇ ಭಾವಿಸಿದ್ದ ಯೋಸಿ ಎದ್ದು ನಿಂತಿದ್ದನು.

ಕಾರ್ಲ್ ಮತ್ತು ಮಾರ್ಕಸ್ ಇಬ್ಬರೂ ಮರಳಿ ಬರಲಿಲ್ಲ. ಹುಡುಕಿದವರಿಗೆ ಅವರ ಒಂದು ಗುರುತೂ ಸಿಕ್ಕಲಿಲ್ಲ. ಕಾರ್ಲನು ತನ್ನ ದೇಶದ ಪೊಲೀಸರಿಗೆ ಬೇಕಾದವನಾಗಿದ್ದನೆಂದು ಆಮೇಲೆ ತಿಳಿಯಿತೆಂಬುದಾಗಿ ಯೋಸಿ ಬರೆದಿದ್ದಾನೆ. ಅವನು ತೋರಿಸುತ್ತೇನೆಂದ ಹಳ್ಳಿ ಇರಲೇ ಇಲ್ಲ.

ನೀರಿನ ಜಾಡು, ಅಜ್ಜಿಯ ಪಾಠ

ಈ ಕಥೆಯನ್ನು ಇನ್ನೆರಡು ಸಂಗತಿಗಳ ಪಕ್ಕದಲ್ಲಿಟ್ಟು ನೋಡಿದರೆ ಅದರ ತಿರುಳು ಸ್ಪಷ್ಟವಾಗುತ್ತದೆ. ಈ ಎರಡರಲ್ಲಿ ಯಾರೂ ಸಾಹಸವನ್ನು ಬಯಸಿ ಹೋದವರಲ್ಲ. ಆಕಾಶದಿಂದ ಅಡವಿಗೆ ಬಿದ್ದವರು.

1971ರ ಡಿಸೆಂಬರ್ 24ರಂದು ಪೆರು ದೇಶದ ಲೀಮಾ ನಗರದಿಂದ ಪುಕಾಲ್ಪಕ್ಕೆ ಹೊರಟ ವಿಮಾನವೊಂದು ಸಿಡಿಲು ಬಡಿದು ಆಕಾಶದಲ್ಲಿಯೇ ಒಡೆಯಿತು. ಅದರಲ್ಲಿದ್ದ 92 ಮಂದಿಯಲ್ಲಿ ಬದುಕುಳಿದವಳು ಹದಿನೇಳು ವರ್ಷದ ಯೂಲಿಯಾನೆ ಕೋಪ್ಕೆ ಒಬ್ಬಳೇ. ಸುಮಾರು ಮೂರು ಕಿಲೋಮೀಟರು ಎತ್ತರದಿಂದ ಕುರ್ಚಿಯೊಡನೆ ಬಿದ್ದವಳ ಕೊರಳೆಲುಬು ಮುರಿದಿತ್ತು, ಕನ್ನಡಕ ಹೋಗಿತ್ತು, ಕಾಲಿಗೆ ಒಂದೇ ಚಪ್ಪಲಿ, ಕೈಯಲ್ಲಿ ಒಂದು ಪೊಟ್ಟಣ ಮಿಠಾಯಿ. ಆದರೆ ಅವಳ ತಂದೆತಾಯಿ ಪ್ರಾಣಿಶಾಸ್ತ್ರಜ್ಞರು. 1968ರಲ್ಲಿ ಅವರು ಅಡವಿಯೊಳಗೆ ಪಾಂಗ್ವಾನ ಎಂಬ ಸಂಶೋಧನಾ ಕೇಂದ್ರವನ್ನು ಕಟ್ಟಿ ಮಗಳನ್ನು ಅಲ್ಲಿಯೇ ಇಟ್ಟುಕೊಂಡಿದ್ದರು. ದಾರಿ ತಪ್ಪಿದರೆ ನೀರನ್ನು ಹುಡುಕು, ನೀರು ಹರಿಯುವ ಕಡೆಗೆ ನಡೆ, ಎಲ್ಲಿಯಾದರೂ ಜನ ಸಿಕ್ಕಿಯೇ ಸಿಕ್ಕುತ್ತಾರೆ ಎಂಬುದು ತಂದೆ ಕಲಿಸಿದ ಪಾಠ. ಆ ಹುಡುಗಿ ಸಣ್ಣ ತೊರೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಇಳಿದಳು. ಮರಳಿನಲ್ಲಿ ಅಡಗುವ ಮುಳ್ಳುಬಾಲದ ತೊರಕೆ ಮೀನನ್ನು ತುಳಿಯದಂತೆ ಕೋಲಿನಿಂದ ತಡವಿ ಹೆಜ್ಜೆಯಿಟ್ಟಳು. ಕೊನೆಗೆ ಒಂದು ದೋಣಿಯೂ ಗುಡಿಸಲೂ ಕಂಡವು. ತೋಳಿನ ಗಾಯದಲ್ಲಿ ಹುಳು ಬಿದ್ದಿದ್ದುದರಿಂದ ದೋಣಿಯ ಇಂಧನವನ್ನು ಅದರೊಳಗೆ ಹೊಯ್ದಳು. ಹಿಂದೆ ನಾಯಿಯ ಹುಣ್ಣಿಗೆ ತಂದೆ ಹಾಗೆ ಮಾಡಿದ್ದನ್ನು ನೋಡಿದ್ದಳು. ಹನ್ನೊಂದನೆಯ ದಿನ ಮರ ಕಡಿಯುವವರು ಬಂದು ಅವಳನ್ನು ಕಂಡರು. ಮುಂದೆ ಅವಳು ಬಾವಲಿಗಳ ವಿಷಯದಲ್ಲಿ ಸಂಶೋಧನೆ ಮಾಡಿ ಡಾಕ್ಟರ್ ಪದವಿ ಪಡೆದು, ಅದೇ ಪಾಂಗ್ವಾನದ ಹೊಣೆಯನ್ನು ಹೊತ್ತಳು.

ಎರಡನೆಯದು ಇನ್ನೂ ಈಚಿನದು. 2023ರ ಮೇ 1ರಂದು ಕೊಲಂಬಿಯದ ಅಡವಿಯಲ್ಲಿ ಸಣ್ಣ ವಿಮಾನವೊಂದು ಬಿದ್ದು, ಅದರಲ್ಲಿದ್ದ ದೊಡ್ಡವರು ಮೂವರೂ ತೀರಿಕೊಂಡರು. ಉಳಿದವರು ನಾಲ್ವರು ಮಕ್ಕಳು. ಹಿರಿಯಳಿಗೆ ಹದಿಮೂರು ವರ್ಷ, ಕಿರಿಯ ಕೂಸಿಗೆ ಹನ್ನೊಂದು ತಿಂಗಳು. ಹುಯಿಟೋಟೊ ಎಂಬ ಬುಡಕಟ್ಟಿನ ಮಕ್ಕಳು ಇವರು. ತಾಯಿಯನ್ನು ಕಳೆದುಕೊಂಡ ಆ ಹಿರಿಯಕ್ಕ ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟನ್ನು ಎತ್ತಿಕೊಂಡಳು. ಅದು ಮುಗಿದ ಮೇಲೆ ಕಾಡಿನ ಬೀಜ, ಹಣ್ಣುಗಳಲ್ಲಿ ಯಾವುದು ಅನ್ನ, ಯಾವುದು ವಿಷ ಎಂಬುದನ್ನು ಮನೆಯ ಹಿರಿಯರಿಂದ ಕಲಿತಿದ್ದಂತೆ ಆರಿಸಿ ತಮ್ಮ ತಂಗಿಯರನ್ನು ಸಾಕಿದಳು. ಸೈನಿಕರೂ ಬುಡಕಟ್ಟುಗಳ ಸ್ವಯಂಸೇವಕರೂ ಒಟ್ಟುಗೂಡಿ ಹುಡುಕಿದರು. ಹೆಲಿಕಾಪ್ಟರಿನಿಂದ ಧ್ವನಿವರ್ಧಕದಲ್ಲಿ ಮಕ್ಕಳ ಅಜ್ಜಿಯ ದನಿಯನ್ನು ಅವರ ಮಾತಿನಲ್ಲಿಯೇ ಬಿತ್ತರಿಸಿದರು. ನಲವತ್ತು ದಿನಗಳ ಮೇಲೆ, ಜೂನ್ 9ರಂದು, ಅಡವಿಯೊಳಗಿನಿಂದ ಸೈನ್ಯದ ರೇಡಿಯೋದಲ್ಲಿ ‘ಪವಾಡ’ ಎಂಬ ಒಂದೇ ಶಬ್ದ ನಾಲ್ಕು ಸಲ ಕೇಳಿಬಂದಿತು. ಮಗುವೊಂದಕ್ಕೆ ಒಂದು ಸಲ, ನಾಲ್ವರೂ ಜೀವಂತ. ನಮ್ಮ ಮನೆಯ ಮೂಲೆಯಲ್ಲಿ ಕುಳಿತು ಹಾಡು ಹೇಳುವ ಈ ಪೆಟ್ಟಿಗೆಯ ಕುಲಕ್ಕೆ ಇಂಥ ಒಂದು ಭಾಗ್ಯವೂ ಇದೆಯೆಂದು ತಿಳಿದು ಸಂತೋಷವಾಗುತ್ತದೆ.

ಬಲ್ಲವರ ಕಾಡು

ಮೂರು ಕಥೆಗಳನ್ನೂ ತೂಗಿ ನೋಡೋಣ. ಧೈರ್ಯ ಎಲ್ಲರಲ್ಲಿಯೂ ಇದ್ದಿತು. ದೈವಸಹಾಯವೂ ಬೇಕಾಯಿತು. ಆದರೆ ತಿಳಿವಳಿಕೆ ಒಂದೇ ಸಮನಾಗಿರಲಿಲ್ಲ. ಪ್ರಾಯದ ಗಂಡಸರು ನಾಲ್ವರು ಕತ್ತಿ, ಬಂದೂಕು, ಸಾಮಾನುಗಳೊಡನೆ ಹೋಗಿ ಇಬ್ಬರನ್ನು ಕಳೆದುಕೊಂಡ ಅಡವಿಯ ಇನ್ನೊಂದು ಮೂಲೆಯಲ್ಲಿ ಹದಿಮೂರು ವರ್ಷದ ಹುಡುಗಿ ಕೂಸನ್ನು ಕಂಕುಳಲ್ಲಿಟ್ಟು ನಲವತ್ತು ದಿನ ಬಾಳಿದಳು. ಅವಳಿಗೆ ಅದು ಅಜ್ಜಿಯ ಹಿತ್ತಿಲಿನ ಮುಂದುವರಿಕೆ. ಇವರಿಗೆ ಅಪರಿಚಿತ ಲೋಕ. ಯೋಸಿಯೂ ಹೊಳೆಯ ಬಳಿಯಲ್ಲಿಯೇ ಇದ್ದನು. ಆದರೆ ಕಾಲು ಕೆಟ್ಟು, ಪ್ರವಾಹ ಏರಿ, ಒಬ್ಬನೇ ಊರು ಸೇರುವ ಸ್ಥಿತಿ ಅವನದಾಗಿರಲಿಲ್ಲ. ಬಲ್ಲವನೊಬ್ಬ ದೋಣಿ ತಂದು ಕರೆದೊಯ್ಯಬೇಕಾಯಿತು. ನಮ್ಮ ರಾಮಾಯಣದಲ್ಲಿ ಸಾಕ್ಷಾತ್ ಶ್ರೀರಾಮನೂ ಗಂಗೆಯನ್ನು ದಾಟಲು ಗುಹನ ದೋಣಿಯನ್ನು ಏರಿದನಷ್ಟೆ. ಅಡವಿಗೆ ಹೋಗುವವನು ಅಡವಿಯವರ ಕೈ ಹಿಡಿಯಬೇಕು ಎಂಬ ಮಾತು ಹಳೆಯದು.

ಅಮೆಜಾನನ್ನು ಯಾರೂ ಇಲ್ಲದ ಕನ್ನೆಕಾಡೆಂದು ಭಾವಿಸುವುದೇ ಅನೇಕ ಸಾಹಸಗಳ ಮೊದಲ ತಪ್ಪು ಹೆಜ್ಜೆ. ನಾಲ್ಕು ಶತಮಾನಗಳಿಗೂ ಹಿಂದೆ ಒರೆಲ್ಲಾನನ ಜೊತೆಗಿದ್ದ ಪಾದ್ರಿ ಕಂಡೆನೆಂದ ಊರುಗಳ ಮಾತಿಗೆ ಈಗ ಬಲ ಬಂದಿದೆ. ವಿಮಾನದಿಂದ ಬೆಳಕಿನ ಕಿರಣಗಳನ್ನು ಹಾಯಿಸಿ ಮರಗಳ ಕೆಳಗಿನ ನೆಲದ ಉಬ್ಬುತಗ್ಗುಗಳನ್ನು ಅಳೆಯುವ ‘ಲೈಡಾರ್’ ಎಂಬ ಉಪಾಯದಿಂದ, ಬೊಲಿವಿಯದ ಬೇನಿ ಪ್ರಾಂತದಲ್ಲಿ ದಿಬ್ಬ, ಕಾಲುವೆ, ರಸ್ತೆಗಳುಳ್ಳ ಪ್ರಾಚೀನ ನೆಲೆಗಳಿದ್ದುದನ್ನು 2022ರಲ್ಲಿ ಪ್ರಕಟಿಸಿದರು. ಈಕ್ವಡಾರಿನ ಉಪಾನೋ ಕಣಿವೆಯಲ್ಲಿ ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಕಟ್ಟತೊಡಗಿದ ಊರುಗಳ ಜಾಲವನ್ನು 2024ರಲ್ಲಿ ಪ್ರಕಟಿಸಿದರು. ಯೂರೋಪಿನವರೊಡನೆ ಬಂದ ಸಿಡುಬು ಮೊದಲಾದ ರೋಗಗಳಿಗೆ ಸಿಕ್ಕಿ ಅಮೆಜಾನಿನ ಜನ ಅಪಾರವಾಗಿ ಅಳಿದರು. ಅವರ ಊರುಗಳ ಮೇಲೆ ಕಾಡು ಬೆಳೆಯಿತು. ಆಮೇಲೆ ಬಂದವರು ಆ ಕಾಡನ್ನು ಕಂಡು, ಇಲ್ಲಿ ಎಂದೂ ಯಾರೂ ಇರಲಿಲ್ಲವೆಂದರು.

ಅಲ್ಲಿನವರ ತಿಳಿವಳಿಕೆಯ ಒಂದು ಸಾಕ್ಷಿ ನಮ್ಮ ಹಿತ್ತಿಲಲ್ಲಿಯೂ ಉಂಟು. ಮರಗೆಣಸು ದಕ್ಷಿಣ ಅಮೇರಿಕದ ಬೆಳೆ. ಅದರ ಕಹಿ ಜಾತಿಯಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವಿಷವಿದೆ. ಅಮೆಜಾನಿನ ಹೆಂಗಸರು ಅದನ್ನು ತುರಿದು, ಹಾವಿನಂತೆ ಉದ್ದವಾಗಿ ಹೆಣೆದ ಚೀಲದಲ್ಲಿ ತುಂಬಿ, ಚೀಲವನ್ನು ಜಗ್ಗಿ ರಸವನ್ನು ಹಿಂಡಿ, ಉಳಿದುದನ್ನು ಹುರಿದು ತಿಂಗಳುಗಟ್ಟಲೆ ಕೆಡದ ಹಿಟ್ಟು ಮಾಡುತ್ತಾರೆ. ಆ ನಾಲ್ವರು ಮಕ್ಕಳ ಪ್ರಾಣ ಉಳಿಸಿದ ಹಿಟ್ಟು ಇದೇ. ಸುಳ್ಯ ಪುತ್ತೂರಿನ ತೋಟಗಳ ರಬ್ಬರು ಮತ್ತು ಕೋಕೋ ಗಿಡಗಳ ತವರೂ ಅಮೆಜಾನಿನ ಕಾಡೇ.

ಕಥೆಯ ಆಚೆಯ ಕಥೆ

ಯೋಸಿ ಗಿನ್ಸ್‌ಬರ್ಗನ ಕಥೆ ಪುಸ್ತಕವಾಯಿತು. 2017ರಲ್ಲಿ ಚಲಚ್ಚಿತ್ರವೂ ಆಯಿತು. ಪುಸ್ತಕವನ್ನು ಓದಿದ ಇಸ್ರೇಲಿ ತರುಣರು ಬೆನ್ನಿನ ಚೀಲ ಹೊತ್ತು ತುಯಿಚಿಯ ಕಡೆಗೆ ಬರತೊಡಗಿದರು. ಬೇನಿ ನದಿಯ ದಡದ ರುರ್ರೆನಬಾಕೆ ಎಂಬ ಪುಟ್ಟ ಪಟ್ಟಣ ಇವರ ತಂಗುದಾಣವಾಯಿತು. ಆದರೆ ಯೋಸಿ ಮಾಡಿದ ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು. 1990ರ ದಶಕದಲ್ಲಿ ಅವನು ತನ್ನನ್ನು ಉಳಿಸಿದವರ ಹಳ್ಳಿಗೆ ಮರಳಿದನು. ಜೀವನೋಪಾಯವಿಲ್ಲದೆ ಆ ಹಳ್ಳಿಯ ಮಂದಿ ಗುಳೆ ಹೊರಡುತ್ತಿದ್ದ ಕಾಲ ಅದು. ಅಂತರರಾಷ್ಟ್ರೀಯ ಸಂಸ್ಥೆಗಳ ನೆರವು ದೊರಕಿ, ಚಲಲಾನ್ ಎಂಬ ಸರೋವರದ ಬಳಿ ಹಳ್ಳಿಯವರೇ ಒಂದು ಅತಿಥಿಗೃಹವನ್ನು ಕಟ್ಟಿದರು. ಅಡಿಗೆ, ದೋಣಿ, ಮಾರ್ಗದರ್ಶನ ಎಲ್ಲವೂ ಅವರ ಕೈಯಲ್ಲಿ. 2001ರಲ್ಲಿ ಅದರ ಒಡೆತನವೂ ಹಳ್ಳಿಯದಾಯಿತು. ದಾರಿ ತಪ್ಪಿದವನನ್ನು ಹುಡುಕಿ ತಂದ ವಿದ್ಯೆ ದಾರಿ ತೋರಿಸುವ ಉದ್ಯೋಗವಾಯಿತು. 1995ರಲ್ಲಿ ಬೊಲಿವಿಯ ಸರ್ಕಾರವು ಆ ಸುತ್ತಿನ ಸುಮಾರು 19,000 ಚದರ ಕಿಲೋಮೀಟರು ಪ್ರದೇಶವನ್ನು ಮಾದಿದಿ ರಾಷ್ಟ್ರೀಯ ವನವೆಂದು ಸಾರಿತು. ಅಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ.

ನಾಲ್ವರನ್ನು ಅಡವಿಗೆ ಎಳೆದ ಆ ಚಿನ್ನ ಮಾತ್ರ ಇನ್ನೂ ಅಲ್ಲಿ ಕಾಡುತ್ತಿದೆ. ಹೊಳೆಯ ಮರಳಿನ ಚಿನ್ನದ ಕಣಗಳನ್ನು ಒಟ್ಟುಗೂಡಿಸಲು ಪಾದರಸವನ್ನು ಬೆರೆಸುತ್ತಾರೆ. ಆಮೇಲೆ ಕಾಸಿ ಅದನ್ನು ಹಾರಿಸುತ್ತಾರೆ. ಹಾರಿದ ಪಾದರಸ ಮಳೆಯೊಡನೆ ಹೊಳೆಗಿಳಿದು, ಮೀನಿನ ಮೈ ಸೇರಿ, ಮೀನು ತಿನ್ನುವ ಜನರ ಮೈ ಸೇರುತ್ತದೆ. ಬೇನಿ ನದಿಯ ದಡದ ಬುಡಕಟ್ಟಿನವರ ಕೂದಲನ್ನು ಪರೀಕ್ಷಿಸಿದಾಗ ಪಾದರಸದ ಅಂಶ ಮಿತಿಮೀರಿ ಕಂಡುಬಂದಿದೆ. ಅಮೆಜಾನಿನ ಕಾಡಿನಲ್ಲಿ ಸುಮಾರು ಆರರಲ್ಲೊಂದು ಪಾಲು ಈಗಾಗಲೇ ಬರಿದಾಗಿದೆ. ದಾರಿ ಬಲ್ಲವರು ವಲಸೆ ಹೋದರೆ, ಅಥವಾ ಅವರ ಹೊಳೆಯೇ ವಿಷವಾದರೆ, ಮುಂದಿನ ಯೋಸಿಯನ್ನು ಹುಡುಕಲು ದೋಣಿ ತರುವವರು ಯಾರು?

ಹೋಗುವವರಿಗೆ ನಾಲ್ಕು ಮಾತು

ಇಂದು ನಮ್ಮ ಊರುಗಳ ಮಕ್ಕಳೂ ಓದು, ಉದ್ಯೋಗಗಳ ನಡುವೆ ಬಿಡುವು ಮಾಡಿಕೊಂಡು ಖಂಡಾಂತರಗಳನ್ನು ಸುತ್ತುತ್ತಿದ್ದಾರೆ. ಅಮೆಜಾನಿಗೆ ಹೋಗುವೆನೆಂದು ಮನೆಯಲ್ಲಿ ಯಾರಾದರೂ ಚೀಲ ಕಟ್ಟಿದರೆ ಗಾಬರಿಪಡಬೇಕಾದುದಿಲ್ಲ. ಮನೌಸ್ ಪಟ್ಟಣದಿಂದ ಬೆಲೆಮ್ ಪಟ್ಟಣದವರೆಗೆ ಹೋಗುವ ದೊಡ್ಡ ದೋಣಿಗಳಲ್ಲಿ, ನಮ್ಮ ಮಕ್ಕಳ ತೊಟ್ಟಿಲಿನಂಥ ಬಟ್ಟೆಯ ಜೋಲಿಗಳನ್ನು ಸಾಲಾಗಿ ಕಟ್ಟಿಕೊಂಡು, ಸಂಸಾರವಂದಿಗರ ನಡುವೆ ನಾಲ್ಕೈದು ದಿನ ತೇಲುತ್ತ ಹೋಗುವುದು ಸುಖವಾದ ಪ್ರಯಾಣ. ಹೊರಗಿನಿಂದ ರಸ್ತೆಯೇ ಇಲ್ಲದ, ದೋಣಿ ವಿಮಾನಗಳಿಂದಲೇ ಸೇರಬೇಕಾದ ಇಕಿಟೋಸ್ ನಗರವೂ ನೋಡತಕ್ಕದ್ದು. ಆದರೆ ಕೆಲವು ಕಟ್ಟುಪಾಡುಗಳಿವೆ. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವ ಹತ್ತು ದಿನಗಳಿಗಾದರೂ ಮೊದಲು ಹಾಕಿಸಿಕೊಳ್ಳಬೇಕು. ಆ ದೇಶಗಳಿಂದ ಭಾರತಕ್ಕೆ ಹಿಂದಿರುಗುವಾಗ ಅದರ ಪ್ರಮಾಣಪತ್ರವನ್ನು ಕೇಳುತ್ತಾರೆ. ಮಲೇರಿಯದ ವಿಷಯವಾಗಿ ವೈದ್ಯರನ್ನು ವಿಚಾರಿಸಬೇಕು. ರಾತ್ರಿ ಮಲಗುವಾಗ ಕಾಲಿಗೆ ಒಣಗಿದ ಒಂದು ಜೊತೆ ಕಾಲುಚೀಲವನ್ನು ಬೇರೆಯೇ ಕಟ್ಟಿಟ್ಟಿರಬೇಕು. ಎಲ್ಲಿಗೆ, ಎಷ್ಟು ದಿನ ಎಂಬುದನ್ನು ಊರಿನಲ್ಲಿ ಒಬ್ಬರಿಗಾದರೂ ಬರೆದುಕೊಟ್ಟು ಹೋಗಬೇಕು. ತಂಡ ಒಡೆಯಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಲಾ ಪಾಸಿನ ಬೀದಿಯಲ್ಲಿ ಸಿಕ್ಕವನ ಚಿನ್ನದ ಮಾತನ್ನು ನಂಬದೆ, ಅಡವಿಯಲ್ಲಿಯೇ ಹುಟ್ಟಿ ಬೆಳೆದವರ ಹಳ್ಳಿಗೆ ಹೋಗಿ, ಅವರಿಗೆ ನ್ಯಾಯವಾದ ಕೂಲಿ ಕೊಟ್ಟು, ಅವರ ಹಿಂದೆ ನಡೆಯಬೇಕು. ಅವರು ನಿಲ್ಲು ಎಂದಲ್ಲಿ ನಿಂತರೆ, ನೋಡು ಎಂದಲ್ಲಿ ನೋಡಿದರೆ, ಬರಿಯ ಹಸುರು ಕತ್ತಲೆಯಾಗಿ ಕಂಡ ಕಾಡಿನಲ್ಲಿ ಒಂದೊಂದೇ ಗಿಡ, ಒಂದೊಂದೇ ಹಕ್ಕಿ ಕಣ್ಣಿಗೆ ಬೀಳತೊಡಗುತ್ತದೆ. ಟಿಕೋ ತುದೇಲನ ದೋಣಿ ಹುಡುಕುತ್ತ ಬರುವವರೆಗೆ ಕಾಯುವುದಕ್ಕಿಂತ, ಮೊದಲೇ ಅವನ ದೋಣಿಯನ್ನು ಹತ್ತಿ ಹೊರಡುವುದು ಮೇಲು.